ಫ್ಯೂಸ್ ಹೋಗಿಲ್ಲ, ಹೊಗೆ ಮಾತ್ರ ಬಂತು: ಸ್ಪೋರ್ಟ್ಸ್ ಕಾರಿನ ಕರೆಂಟ್ ಬೆಂಕಿ

ಪ್ರಶ್ನೆ: ನನ್ನದು 2008ರ ಪೋರ್ಷೆ 911 ಕರೇರಾ (997 ಎಂಬ ತಲೆಮಾರಿನದು; ಎಂಜಿನ್ ಹಿಂದೆ, ಡಿಕ್ಕಿ ಮುಂದೆ), ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ವಾರವೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ನಿಂತಿರುತ್ತದೆ, ಭಾನುವಾರ ಮಾತ್ರ ಹೊರಗೆ ತೆಗೆಯುತ್ತೇನೆ. ಹಿಂದಿನ ಮಾಲೀಕರು ಮುಂದಿನ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಹಾಕಿಸಿದ್ದರು, ನಾನು ಡ್ಯಾಶ್‌ಕ್ಯಾಮ್ ಹಾಕಿಸಿದೆ. ಮೊನ್ನೆ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಸಿ ಜೋರಾಗಿ ಇಟ್ಟಿದ್ದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಹಿಂದೆಯೇ ಎಸಿ ಕಿಂಡಿಯಿಂದ ತೆಳ್ಳಗೆ ಹೊಗೆ. ಎಸಿ ಆರಿಸಿದ ಮೇಲೆ ನಿಂತಿತು. ಗ್ಯಾರೇಜಿನವರು ಎಲ್ಲ ಫ್ಯೂಸ್ ನೋಡಿ, ‘ಒಂದೂ ಹೋಗಿಲ್ಲ, ಶಾರ್ಟ್ ಇಲ್ಲ, ಧೈರ್ಯವಾಗಿ ಓಡಿಸಿ’ ಅಂದರು. ಓಡಿಸಬಹುದೇ? ನಿಜವಾಗಿ ಬೆಂಕಿ ಹತ್ತಿದರೆ ಏನು ಮಾಡಬೇಕು? ಯಾವ ಅಗ್ನಿಶಾಮಕ ಇಟ್ಟುಕೊಳ್ಳಬೇಕು? ವಿಮೆ ಸಿಗುತ್ತದೆಯೇ?

ಉತ್ತರ: ಓಡಿಸಬೇಡಿ. ಇವತ್ತೇ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಸಾಧ್ಯವಿದ್ದರೆ ಕಾರನ್ನು ಬೇಸ್‌ಮೆಂಟಿನಿಂದ ಹೊರಗೆ ತಂದು, ಗೋಡೆಗೂ ಬೇರೆ ವಾಹನಗಳಿಗೂ ತಾಗದಂತೆ ಬಯಲಲ್ಲಿ ನಿಲ್ಲಿಸಿ. ಗ್ಯಾರೇಜಿನವರು ಫ್ಯೂಸ್ ನೋಡಿದ್ದು ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು.

ಫ್ಯೂಸ್ ಕಾಯುವುದು ಒಂದೇ ಸಂಗತಿಯನ್ನು: ವೈರಿನಲ್ಲಿ ಮಿತಿಮೀರಿ ಕರೆಂಟ್ ಹರಿಯುವುದನ್ನು. ಪಾಸಿಟಿವ್ ವೈರು ಕಾರಿನ ಲೋಹದ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಫ್ಯೂಸ್ ಹಾರುತ್ತದೆ. ಆದರೆ ಕಾರಿನಲ್ಲಿ ಹೊಗೆ ಏಳುವ ಬಹುಪಾಲು ಜಾಗಗಳಲ್ಲಿ ಕರೆಂಟ್ ಹೆಚ್ಚಿರುವುದೇ ಇಲ್ಲ, ಜೋಡಣೆ ಕೆಟ್ಟಿರುತ್ತದೆ. ಕನೆಕ್ಟರಿನ ಪಿನ್ ಸಡಿಲವಾಗಿರುತ್ತದೆ, ಹಸಿರು ತುಕ್ಕು ಹಿಡಿದಿರುತ್ತದೆ, ಅಥವಾ ವೈರಿನ ತುದಿಯ ಲೋಹದ ಟೊಪ್ಪಿ (ಥಿಂಬಲ್) ಸರಿಯಾಗಿ ಅದುಮಿರುವುದಿಲ್ಲ. ನಿಮ್ಮ ಎಸಿಯ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಮೋಟಾರು ಜೋರಾಗಿ ತಿರುಗುವಾಗ ಸುಮಾರು 25 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅದರ ಕನೆಕ್ಟರಿನ ಒಂದು ಪಿನ್ನಿನಲ್ಲಿ ಕೇವಲ 0.05 ಓಮ್ ಅಡ್ಡಿ ಬೆಳೆದರೂ ಅಲ್ಲಿ 1.25 ವೋಲ್ಟ್ ಕಳೆದುಹೋಗುತ್ತದೆ, ಸುಮಾರು 31 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದ್ದೊಂದನ್ನು ಬೆರಳುಗಾತ್ರದ ಪ್ಲಾಸ್ಟಿಕ್ ಕನೆಕ್ಟರಿನೊಳಗೆ ಸಿಕ್ಕಿಸಿಟ್ಟು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಗಂಟೆ ಓಡಿಸಿದಂತಾಯಿತು. ಅಷ್ಟು ಹೊತ್ತೂ ಫ್ಯೂಸಿನ ಮೂಲಕ ಹರಿಯುವುದು ಅದೇ 25 ಆಂಪಿಯರ್, ನಿಜ ಹೇಳಬೇಕೆಂದರೆ ಸ್ವಲ್ಪ ಕಡಿಮೆಯೇ. ಅದು ಹೋಗಲು ಕಾರಣವೇ ಇಲ್ಲ.

ಮಿತಿ ಮೀರಿದಾಗಲೂ ಫ್ಯೂಸ್ ತಕ್ಷಣ ಹೋಗುತ್ತದೆಂದು ನಂಬಬೇಡಿ. ಕಾರಿನ ಬ್ಲೇಡ್ ಫ್ಯೂಸುಗಳನ್ನು ತಯಾರಿಸುವ ಮಾನದಂಡದ ಪ್ರಕಾರ, ತನ್ನ ಅಳತೆಯ 110 ಶೇಕಡಾ ಕರೆಂಟನ್ನು ಫ್ಯೂಸು ಕನಿಷ್ಠ 100 ಗಂಟೆ ತಡೆದುಕೊಳ್ಳಬೇಕು. 135 ಶೇಕಡಾ ಹರಿದರೆ ಮುಕ್ಕಾಲು ಸೆಕೆಂಡಿನಿಂದ 600 ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಹೋಗಬಹುದು. ಅಂದರೆ 30 ಆಂಪಿಯರ್ ಫ್ಯೂಸು 40 ಆಂಪಿಯರನ್ನು 10 ನಿಮಿಷ ಹೊತ್ತು ನಿಂತರೂ ಅದು ಕೆಟ್ಟ ಫ್ಯೂಸಲ್ಲ. ಬೇರಿಂಗ್ ಬಿಗಿಯಾದ ಮೋಟಾರಿಗೆ ಇಷ್ಟು ಸಮಯ ಧಾರಾಳ.

ಬ್ಯಾಟರಿ ಬಿಚ್ಚುವ ಮುನ್ನ

997ರಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಗಾಜಿನ ಕಡೆಗೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಸಾಮಾನ್ಯವಾಗಿ 10 ಮಿ.ಮೀ. ಸ್ಪ್ಯಾನರ್ ಸಾಕು. ಮೊದಲು ನೆಗೆಟಿವ್ ಬಿಚ್ಚಿ, ಹಾಕುವಾಗ ಅದನ್ನು ಕೊನೆಗೆ ಹಾಕಿ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅಲ್ಲೇ ಕಿಡಿ ಹಾರುತ್ತದೆ.

ಇಲ್ಲಿ ಎಡವುವವರು ಬಹಳ. ಈ ಕಾರಿನ ಮುಂದಿನ ಮುಚ್ಚಳ ತೆರೆಯುವುದು ಕರೆಂಟಿನಿಂದ. ಬ್ಯಾಟರಿ ಬಿಚ್ಚಿ ಮುಚ್ಚಳ ಒತ್ತಿಬಿಟ್ಟರೆ ಬ್ಯಾಟರಿ ಒಳಗೇ ಬಂದಿ. ಆದ್ದರಿಂದ ಕೊಂಡಿ ಬೀಳದಂತೆ ನಡುವೆ ದಪ್ಪ ಬಟ್ಟೆ ಇಟ್ಟು ಮುಚ್ಚಳವನ್ನು ಸುಮ್ಮನೆ ಇಳಿಸಿಡಿ. ಬಿದ್ದೇಬಿಟ್ಟರೆ ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸಿನಲ್ಲಿ ಹೊರಗೆ ಎಳೆಯಬಹುದಾದ ಕೆಂಪು ಟರ್ಮಿನಲ್ ಒಂದಿದೆ. ಅದಕ್ಕೆ ಹೊರಗಿನ 12 ವೋಲ್ಟ್ ಬ್ಯಾಟರಿಯ ಪಾಸಿಟಿವ್, ಬಾಗಿಲಿನ ಕೊಂಡಿ ಕಚ್ಚುವ ಲೋಹದ ಬಳೆಗೆ ನೆಗೆಟಿವ್ ಕೊಟ್ಟರೆ ಕೀಲಿಯ ಗುಂಡಿಗೆ ಮುಚ್ಚಳ ತೆರೆಯುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿ ದೋಷವಿದೆಯೆಂದು ಇನ್ನೂ ಗೊತ್ತಿಲ್ಲವಾದ್ದರಿಂದ ಇನ್ನೊಂದು ಕಾರಿನಿಂದ ದಪ್ಪ ಜಂಪರ್ ಕೇಬಲ್ ಎಳೆಯಬೇಡಿ. ಬೈಕಿನ ಸಣ್ಣ ಬ್ಯಾಟರಿಗೆ 10 ಆಂಪಿಯರ್ ಫ್ಯೂಸ್ ಹಾಕಿದ ವೈರು ಸಾಕು.

ಬ್ಯಾಟರಿ ಇಲ್ಲದಾಗ ಬಾಗಿಲು ತೆರೆದರೆ ಗಾಜು ಎಂದಿನಂತೆ ತುಸು ಕೆಳಗಿಳಿಯುವುದಿಲ್ಲ. ಎಳೆದು ಮುಚ್ಚಿದರೆ ರಬ್ಬರ್ ಹರಿಯುತ್ತದೆ, ಗಾಜು ಮೊದಲೇ ಇಳಿಸಿಟ್ಟುಕೊಳ್ಳಿ. ಗ್ಯಾರೇಜಿಗೆ ಸಾಗಿಸಲು ಫ್ಲಾಟ್‌ಬೆಡ್ ಲಾರಿಯೇ ಬೇಕು.

ಹೊಗೆ ಎಲ್ಲಿಂದ?

ಎಸಿ ಕಿಂಡಿಯಿಂದ ಹೊಗೆ ಬಂತೆಂದ ಮಾತ್ರಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಲು ಒಪ್ಪಬೇಡಿ. ಈ ಕಾರಿನ ಬ್ಲೋವರ್ ಹೊರಗಾಳಿಯನ್ನು ಎಳೆದುಕೊಳ್ಳುವುದು ಮುಂದಿನ ಗಾಜಿನ ಬುಡದಿಂದ, ಬ್ಯಾಟರಿ ಇರುವುದೂ ಅದರ ನೆರೆಯಲ್ಲೇ. ಬ್ಯಾಟರಿ ಟರ್ಮಿನಲ್ಲೋ ಆಂಪ್ಲಿಫೈಯರ್ ವೈರೋ ಬೆಂದರೂ ಆ ಹೊಗೆ ಬ್ಲೋವರಿನ ಮೂಲಕವೇ ನಿಮ್ಮ ಮುಖಕ್ಕೆ ಬರುತ್ತದೆ. ಎಸಿ ಆರಿಸಿದ್ದಕ್ಕೆ ಹೊಗೆ ನಿಂತಿತೋ, ಹೊಗೆ ಒಳಗೆ ಬರುವ ದಾರಿ ಮಾತ್ರ ನಿಂತಿತೋ ಎಂಬುದು ಮೊದಲು ತೀರ್ಮಾನವಾಗಬೇಕು.

ಮೂಗು ಇಲ್ಲಿ ನೆರವಿಗೆ ಬರುತ್ತದೆ. ಪಿವಿಸಿ ವೈರಿನ ಹೊದಿಕೆ ಸುಟ್ಟರೆ ಮೂಗು ಗಂಟಲು ಉರಿಸುವ ಹುಳಿ ಘಾಟು. ಕನೆಕ್ಟರ್, ಸ್ವಿಚ್, ರಿಲೇಗಳ ಗಟ್ಟಿ ಪ್ಲಾಸ್ಟಿಕ್ ಬೆಂದರೆ ಕೆಲವೊಮ್ಮೆ ಕೊಳೆತ ಮೀನಿನಂಥ ಅಥವಾ ಮೂತ್ರದಂಥ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ. ಆಗ ಎಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜ್ ನೋಡಿ, 13.8ರಿಂದ 14.4ರ ಆಸುಪಾಸು ಇರಬೇಕು, 15 ದಾಟಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ರೆಗ್ಯುಲೇಟರ್ ಹೋಗಿದೆ. ಸಿಹಿ ವಾಸನೆಯಾದರೆ ಅದು ಕೂಲೆಂಟ್, ಈ ಪ್ರಶ್ನೆಗೇ ಸಂಬಂಧವಿಲ್ಲ.

ಬ್ಯಾಟರಿ ಮತ್ತೆ ಜೋಡಿಸುವ ಮೊದಲು ಕಣ್ಣಿನ ತಪಾಸಣೆ ಮುಗಿಯಬೇಕು. ಬ್ಲೋವರ್ ಕನೆಕ್ಟರ್ ಕಿತ್ತು ಪಿನ್ನುಗಳನ್ನು ನೋಡಿ. ಕಂದಿದ ಪ್ಲಾಸ್ಟಿಕ್, ನೀಲಿ ತಿರುಗಿದ ಪಿನ್, ಗಡುಸಾದ ವೈರು ಇದ್ದರೆ ಅಪರಾಧಿ ಸಿಕ್ಕಂತೆ. ಸುಟ್ಟ ವೈರು ಸಿಕ್ಕಿದರೆ ಅದರ ಹೊದಿಕೆಯನ್ನು ಸೂಕ್ಷ್ಮವಾಗಿ ನೋಡಬೇಕು. ಉದ್ದಕ್ಕೂ ಒಳಗಿನಿಂದ ಬೆಂದು, ತಾಮ್ರದ ಮೇಲೆ ಸಡಿಲ ತೋಳಿನಂತೆ ಜಾರುತ್ತಿದ್ದರೆ ವೈರಿನಲ್ಲಿ ಮಿತಿಮೀರಿ ಕರೆಂಟ್ ಹರಿದಿದೆ. ಹೊರಗಿನಿಂದ ಕರಕಲಾಗಿ ಒಳಪದರ ಚೆನ್ನಾಗಿದ್ದರೆ ಬೆಂಕಿ ಬೇರೆಲ್ಲಿಂದಲೋ ಬಂದು ವೈರನ್ನು ಸುಟ್ಟಿದೆ. ಕನೆಕ್ಟರಿನಿಂದ ಆರಂಭವಾಗಿ ಒಂದೆರಡು ಅಂಗುಲದಲ್ಲಿ ಮುಗಿದರೆ ಜೋಡಣೆಯ ದೋಷ. ತುದಿಯಲ್ಲಿ ನುಣುಪಾದ ಸಣ್ಣ ತಾಮ್ರದ ಮಣಿ ಕಂಡರೆ ಅಲ್ಲಿ ಕಿಡಿ ಹಾರಿದೆ. ತಾಮ್ರ ಕರಗಲು 1085 ಡಿಗ್ರಿ ಬೇಕು, ಸಣ್ಣ ಹೊಗೆಯ ಶಾಖಕ್ಕೆ ಅದು ಮಣಿಯಾಗುವುದಿಲ್ಲ.

ಕಣ್ಣಿಗೆ ಏನೂ ಕಾಣದಿದ್ದರೆ ಬ್ಯಾಟರಿ ಜೋಡಿಸಿ, ಪಕ್ಕದಲ್ಲಿ ಅಗ್ನಿಶಾಮಕ ಇಟ್ಟುಕೊಂಡು, ಬಯಲಲ್ಲಿ ವೋಲ್ಟೇಜ್ ಡ್ರಾಪ್ ಪರೀಕ್ಷೆ (ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆಯುತ್ತದೆಂದು ನೋಡುವುದು) ಮಾಡಿಸಿ. ಓಮ್ ಮೀಟರ್ ಈ ಕೆಲಸಕ್ಕೆ ಬಾರದು: 0.05 ಓಮ್ ಅದಕ್ಕೆ ಕಾಣುವುದೇ ಇಲ್ಲ. ಹತ್ತು ಎಳೆಗಳಲ್ಲಿ ಒಂಬತ್ತು ಹರಿದ ವೈರನ್ನೂ ಅದು ಸರಿ ಎಂದೇ ತೋರಿಸುತ್ತದೆ. ಬ್ಲೋವರ್ ಪೂರ್ತಿ ವೇಗದಲ್ಲಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಬ್ಲೋವರ್ ಕನೆಕ್ಟರಿನ ಪಾಸಿಟಿವ್ ಪಿನ್ನಿನ ಬೆನ್ನಿಗೆ ಹಿಡಿಯಬೇಕು. ಇಡೀ ದಾರಿಯಲ್ಲಿ 0.5 ವೋಲ್ಟ್‌ಗಿಂತ ಹೆಚ್ಚು ಕಳೆದರೆ ದೋಷವಿದೆ, ಒಂದೇ ಜೋಡಣೆಯ ಎರಡು ಬದಿಯ ನಡುವೆ 0.1ಕ್ಕಿಂತ ಹೆಚ್ಚು ಇರಬಾರದು. ಅರ್ತ್ ಬದಿಯನ್ನೂ (ಕಾರಿನ ಬಾಡಿಗೆ ಸೇರುವ ನೆಗೆಟಿವ್ ದಾರಿ) ಹೀಗೆಯೇ ನೋಡಿ, 0.2 ಮೀರಬಾರದು. ಅರ್ತ್ ಪಾಯಿಂಟ್ ತುಕ್ಕು ಹಿಡಿದ ಕಾರುಗಳಲ್ಲಿ ಪಾಸಿಟಿವ್ ವೈರನ್ನೇ ಮತ್ತೆ ಮತ್ತೆ ಬದಲಿಸಿ ಸೋಲುವುದುಂಟು. ಹತ್ತು ನಿಮಿಷ ಓಡಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ. ತಣ್ಣಗಿದ್ದಾಗ 0.2 ತೋರಿಸಿ ಬಿಸಿಯಾದಾಗ 0.8ಕ್ಕೆ ಏರುವ ಕನೆಕ್ಟರೇ ಹೊಗೆ ಕೊಡುವಂಥದ್ದು. ಜೊತೆಗೆ ವೈರನ್ನು ಸುತ್ತ ಕಚ್ಚಿ ಅಳೆಯುವ ಡಿಸಿ ಕ್ಲಾಂಪ್ ಮೀಟರ್ ಹಾಕಿ ಮೋಟಾರು ಎಳೆಯುವ ಕರೆಂಟ್ ನೋಡಿ. ಮನೆಯ ಬಗೆಯ ಆಲ್ಟರ್ನೇಟಿಂಗ್ ಕರೆಂಟ್ ಮಾತ್ರ ಅಳೆಯುವ ಅಗ್ಗದ ಕ್ಲಾಂಪ್ ಕಾರಿಗೆ ಉಪಯೋಗವಿಲ್ಲ.

ಬ್ಲೋವರಿನ ವೇಗ ನಿಯಂತ್ರಿಸುವ ರೆಗ್ಯುಲೇಟರನ್ನೂ ಕೆಲವರು ಕಣ್ಣುಮುಚ್ಚಿ ಬದಲಿಸುತ್ತಾರೆ. ಆ ಬಗೆಯ ರೆಗ್ಯುಲೇಟರ್ ಅತಿ ಹೆಚ್ಚು ಬಿಸಿಯಾಗುವುದು ಬ್ಲೋವರ್ ನಡುವಿನ ವೇಗದಲ್ಲಿದ್ದಾಗ, ಅದರಲ್ಲೂ ಕ್ಯಾಬಿನ್ ಫಿಲ್ಟರ್ ಧೂಳು ತುಂಬಿ ಗಾಳಿ ಕಡಿಮೆಯಾದಾಗ. ಪೂರ್ತಿ ವೇಗದಲ್ಲಿ ಅದು ಕರೆಂಟನ್ನು ಹೆಚ್ಚುಕಡಿಮೆ ನೇರವಾಗಿ ಬಿಡುತ್ತದೆ, ಶಾಖ ಕಡಿಮೆ. ನೀವು ಎಸಿ ಜೋರಾಗಿ ಇಟ್ಟಾಗ ಹೊಗೆ ಬಂತು ಎನ್ನುತ್ತೀರಿ. ಹಾಗಾಗಿ ನನ್ನ ಅನುಮಾನ ಮೊದಲು ಕನೆಕ್ಟರ್ ಮತ್ತು ಮೋಟಾರಿನ ಮೇಲೆ, ಅಷ್ಟೇ ಬಲವಾಗಿ ಆಂಪ್ಲಿಫೈಯರಿನ ಮೇಲೆ.

ಆಂಪ್ಲಿಫೈಯರ್ ಮತ್ತು ಡ್ಯಾಶ್‌ಕ್ಯಾಮ್

ಕಾರು ತಯಾರಿಸಿದವರು ಹಾಕಿದ ವೈರಿಂಗ್‌ಗಿಂತ ನಂತರ ಹಾಕಿಸಿದ್ದನ್ನು ಮೊದಲು ಶಂಕಿಸಬೇಕು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ವೈರಿನಲ್ಲಿ, ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇದೆಯೇ ನೋಡಿ. 997ರಲ್ಲಿ ಬ್ಯಾಟರಿಯೂ ಆಂಪ್ಲಿಫೈಯರೂ ಮುಂದೆಯೇ ಇರುವುದರಿಂದ ‘ಎರಡಡಿ ವೈರಿಗೆ ಫ್ಯೂಸ್ ಯಾಕೆ’ ಎಂದು ಬಿಟ್ಟುಬಿಡುವವರಿದ್ದಾರೆ. ಆಂಪ್ಲಿಫೈಯರಿನ ಮೈಮೇಲಿರುವ ಫ್ಯೂಸು ಆಂಪ್ಲಿಫೈಯರನ್ನು ಕಾಯುತ್ತದೆ, ವೈರನ್ನಲ್ಲ. ಆ ಎರಡಡಿ ವೈರು ಲೋಹದ ಅಂಚಿಗೆ ಉಜ್ಜಿ ಹೊದಿಕೆ ಕಳೆದುಕೊಂಡರೆ ನಡುವೆ ತಡೆಯುವವರು ಯಾರೂ ಇಲ್ಲ. ಕಾರಿನ ಬ್ಯಾಟರಿ ಅಂಥ ಶಾರ್ಟ್‌ಗೆ ಸಾವಿರ ಆಂಪಿಯರ್ ಬೇಕಾದರೂ ಸುರಿಯುತ್ತದೆ, ಡಿಕ್ಕಿಯ ಕಾರ್ಪೆಟ್ ಸೆಕೆಂಡುಗಳಲ್ಲಿ ಹೊತ್ತಿಕೊಳ್ಳುತ್ತದೆ.

ಪೆಟ್ಟಿಗೆಯ ಮೇಲೆ ಬರೆದ ‘2000 ವ್ಯಾಟ್’ ನಂಬಬೇಡಿ, ಅದರ ಮೈಮೇಲಿನ ಫ್ಯೂಸುಗಳನ್ನು ಕೂಡಿ. 30 ಆಂಪಿಯರಿನವು ಎರಡಿದ್ದರೆ ಒಟ್ಟು 60 ಆಂಪಿಯರ್. 13.8 ವೋಲ್ಟಿಗೆ ಗುಣಿಸಿದರೆ ಒಳಗೆ ಹೋಗುವುದೇ 828 ವ್ಯಾಟ್, ಸಾಮಾನ್ಯ ಎಬಿ ವರ್ಗದ ಆಂಪ್ಲಿಫೈಯರಿನಿಂದ ಹೊರಗೆ ಬರುವುದು ಸುಮಾರು 500. ಇದಕ್ಕೆ ಬ್ಯಾಟರಿ ಬಳಿ 60 ಆಂಪಿಯರ್ ಫ್ಯೂಸು, 16ರಿಂದ 21 ಚದರ ಮಿ.ಮೀ. ಅಸಲಿ ತಾಮ್ರದ ವೈರು. ಅಂಗಡಿಯಲ್ಲಿ ಇದನ್ನು 4 ಗೇಜ್ ಎನ್ನುತ್ತಾರೆ. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಬರುವುದು ತಾಮ್ರ ಬಳಿದ ಅಲ್ಯೂಮಿನಿಯಂ. ಅದು ಕರೆಂಟ್ ಒಯ್ಯುವುದು ತಾಮ್ರದ ಮೂರನೇ ಎರಡರಷ್ಟು ಕೂಡ ಇಲ್ಲ, ಸ್ಕ್ರೂ ಟರ್ಮಿನಲ್ಲಿನಲ್ಲಿ ಕಾಲಕ್ರಮೇಣ ಅದುಮಿ ಸಡಿಲಾಗುತ್ತದೆ, ತುಕ್ಕೂ ಬೇಗ. ಚಾಕುವಿನಿಂದ ಒಂದು ಎಳೆ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಕಿತ್ತುಹಾಕಿ. ದಪ್ಪ ರಬ್ಬರಿನೊಳಗೆ ತೆಳು ವೈರು ಅಡಗಿಸಿ ‘4 ಗೇಜ್’ ಎಂದು ಮಾರುವುದೂ ಇದೆ, ಕತ್ತರಿಸಿದ ತುದಿಯಲ್ಲಿ ಲೋಹದ ದಪ್ಪ ನೋಡಿ ಕೊಳ್ಳಬೇಕು.

ಡ್ಯಾಶ್‌ಕ್ಯಾಮ್ ಎಳೆಯುವುದು ಒಂದು ಆಂಪಿಯರಿಗೂ ಕಡಿಮೆ. ಅಪಾಯ ಅದರದ್ದಲ್ಲ, ಕರೆಂಟ್ ಎಲ್ಲಿಂದ ಕದ್ದಿದ್ದಾರೆ ಎಂಬುದರದ್ದು. ಮೂಲ ವೈರನ್ನು ಕಚ್ಚಿ ಕೂರುವ ನೀಲಿ, ಕೆಂಪು ಪ್ಲಾಸ್ಟಿಕ್ ಕ್ಲಿಪ್ಪುಗಳು ಒಳಗಿನ ಎಳೆಗಳನ್ನು ಕತ್ತರಿಸುತ್ತವೆ. ಬ್ಲೋವರಿನ ದಪ್ಪ ವೈರಿಗೇ ಇಂಥ ಕ್ಲಿಪ್ ಹಾಕಿದ್ದರೆ ನಿಮ್ಮ ಹೊಗೆಗೆ ಅದೇ ಕಾರಣವಾಗಿರಬಹುದು. ಫ್ಯೂಸ್ ಬಾಕ್ಸಿನಲ್ಲಿ ಜೋಡಿ ಫ್ಯೂಸ್ ಹೋಲ್ಡರ್ (ಒಂದೇ ಜಾಗದಲ್ಲಿ ಎರಡು ಫ್ಯೂಸ್ ಕೂರುವಂಥದ್ದು) ಹಾಕಿ 2 ಅಥವಾ 3 ಆಂಪಿಯರ್ ಫ್ಯೂಸಿನಿಂದ ತೆಗೆದುಕೊಳ್ಳುವುದು ಸರಿಯಾದ ದಾರಿ. ಕ್ಯಾಮೆರಾ ಒಳಗೆ ಲಿಥಿಯಂ ಬ್ಯಾಟರಿ ಬದಲು ಕೆಪಾಸಿಟರ್ ಇರುವ ಮಾದರಿ ಆರಿಸಿ, ಬಿಸಿಲಲ್ಲಿ ಗಾಜಿಗೆ ಅಂಟಿಕೊಂಡೇ ಇರುವ ವಸ್ತುವದು.

ಕೆಟ್ಟ ಭಾಗವನ್ನು ಸರಿಪಡಿಸುವಾಗ ಇನ್ಸುಲೇಷನ್ ಟೇಪ್ ಸುತ್ತಿ ಮುಗಿಸಲು ಬಿಡಬೇಡಿ. ಕಂದಿದ ಕನೆಕ್ಟರನ್ನು ಎರಡೂ ಬದಿಯಲ್ಲಿ ಬದಲಿಸಬೇಕು. ಒಂದು ಬದಿಯ ಪಿನ್ ಬಿಸಿಗೆ ತನ್ನ ಬಿಗುವು ಕಳೆದುಕೊಂಡಿದ್ದರೆ ಎದುರಿಗೆ ಹೊಸದನ್ನು ಸಿಕ್ಕಿಸಿದರೂ ಆರು ತಿಂಗಳಲ್ಲಿ ಅದೇ ಕಥೆ. ಗಡುಸಾದ ವೈರನ್ನು ಮೆತ್ತಗಿನ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಸರಿಯಾದ ಇಕ್ಕಳದಲ್ಲಿ ಅದುಮಿ (ಕ್ರಿಂಪ್ ಮಾಡಿ), ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಬೇಕು. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಏರಿ ವೈರು ಅಲ್ಲಿ ಕಡ್ಡಿಯಾಗುತ್ತದೆ, ಅದುರಿ ಅದುರಿ ಆ ಅಂಚಿನಲ್ಲೇ ಮುರಿಯುತ್ತದೆ. ಸ್ಟೀರಿಯೊ ಬದಿಯಲ್ಲಿ ತೆಳ್ಳಗಿನ ಬೆಳಕಿನ ಕೇಬಲ್ ಇದ್ದರೆ ಅದನ್ನು 25 ಮಿ.ಮೀ.ಗಿಂತ ಕಿರಿದಾದ ತಿರುವಿಗೆ ಬಗ್ಗಿಸಬಾರದು, ಕತ್ತರಿಸಿ ಕೂಡಿಸಲಂತೂ ಬಾರದು.

ನೋಡಬೇಕಾದ ಇನ್ನೆರಡು ಜಾಗ

ಎಂಜಿನ್ ಹಿಂದೆ, ಬ್ಯಾಟರಿ ಮುಂದೆ. ಆದ್ದರಿಂದ ಈ ಕಾರಿನಲ್ಲಿ ದಪ್ಪ ಪಾಸಿಟಿವ್ ಕೇಬಲ್ ಕಾರಿನುದ್ದಕ್ಕೂ ಹೋಗಿ ಸ್ಟಾರ್ಟರಿಗೆ, ಅಲ್ಲಿಂದ ಆಲ್ಟರ್ನೇಟರಿಗೆ ಸೇರುತ್ತದೆ. ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ನಡುವಿನ ತುಂಡು ಕೇಬಲ್ 997 ಮತ್ತು ಅದರ ಹಿಂದಿನ ತಲೆಮಾರಾದ 996 ಕಾರುಗಳ ಹೆಸರಾಂತ ರೋಗ. ಅದುಮಿದ ತುದಿಯಲ್ಲಿ ತುಕ್ಕು ಹಿಡಿದು ಅಡ್ಡಿ ಬೆಳೆಯುತ್ತದೆ. ಎಂಜಿನ್ ಬಿಸಿಯಿದ್ದಾಗ ಸ್ಟಾರ್ಟರ್ ಸೋಮಾರಿಯಾಗಿ ತಿರುಗುವುದು ಮೊದಲ ಲಕ್ಷಣ. 0.01 ಓಮ್‌ನಷ್ಟು ಅಡ್ಡಿಯೇ 100 ಆಂಪಿಯರಿನಲ್ಲಿ 100 ವ್ಯಾಟ್ ಶಾಖ. ಪಕ್ಕದಲ್ಲಿ ಎಂಜಿನ್ ಆಯಿಲ್, ಬಿಸಿ ಎಕ್ಸಾಸ್ಟ್. ದೀಪ, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ, ಎಂಜಿನ್ ಓಡುವಾಗ ಆಲ್ಟರ್ನೇಟರಿನ ಬೋಲ್ಟಿನಿಂದ ಬ್ಯಾಟರಿ ಪಾಸಿಟಿವ್‌ವರೆಗೆ ಅಳೆದರೆ ಅರ್ಧ ವೋಲ್ಟಿನೊಳಗೆ ಇರಬೇಕು. ಹೆಚ್ಚಿದ್ದರೆ ಕೇಬಲ್ ಬದಲಿಸಿ.

ಮುಂದಿನ ಬಂಪರಿನ ಎರಡು ಬಾಯಿಗಳೊಳಗೆ ರೇಡಿಯೇಟರ್, ಎಸಿ ಕಂಡೆನ್ಸರ್ ಇವೆ. ಅಲ್ಲಿ ಒಣ ಎಲೆ ತುಂಬಿಕೊಳ್ಳುತ್ತದೆ. ಫ್ಯಾನಿನ ನಿಧಾನ ವೇಗಕ್ಕೆ ಬಳಸುವ ರೆಸಿಸ್ಟರ್ ಬಿಸಿಯಾಗುವ ವಸ್ತು. ಎಲೆಗಳ ನಡುವೆ ಅದು ಬೇಗ ಸಾಯುತ್ತದೆ, ಫ್ಯಾನು ಸಿಕ್ಕಿಕೊಂಡರೆ ಮೋಟಾರು ಬೇಯುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸಿ ಚೊಕ್ಕ ಮಾಡಿಸಿ, ಮಳೆಗಾಲಕ್ಕೆ ಮುಂಚೆ ಮಾಡಿಸಿದರೆ ಗಾಜಿನ ಬುಡದ ನೀರಿನ ತೂಬುಗಳೂ ಸ್ವಚ್ಛವಾದಂತೆ.

ವಾರವೆಲ್ಲ ಬೇಸ್‌ಮೆಂಟ್‌ನಲ್ಲಿ ನಿಲ್ಲುವ ಕಾರೆಂದರೆ ಇಲಿ, ಹೆಗ್ಗಣಗಳ ಮಾತು ಬರಲೇಬೇಕು. ಬ್ಯಾಟರಿಯ ಸುತ್ತ, ಎಂಜಿನ್ ಮೇಲೆ ಹಿಕ್ಕೆ, ಕಡಿದ ಸ್ಪಂಜು ಇದೆಯೇ ನೋಡಿ. ಇಲಿ ಕಡಿದ ವೈರು ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ. ಅಕ್ಕಪಕ್ಕದ ಎರಡು ಬೆತ್ತಲಾಗಿ, ಮಳೆಯ ತೇವಕ್ಕೆ ನಡುವೆ ಕರೆಂಟ್ ಸೋರಿ, ಫ್ಯೂಸಿಗೆ ತಿಳಿಯದಷ್ಟು ಸಣ್ಣದಾಗಿ ಬೇಯುತ್ತಿರುತ್ತದೆ. ಕಾರು ಮಲಗಿದ ಮೇಲೆ, ಅಂದರೆ ಲಾಕ್ ಮಾಡಿ ಒಂದು ಗಂಟೆಯಾದ ಮೇಲೆ, ಬ್ಯಾಟರಿಯಿಂದ ಹರಿಯುವುದು 50 ಮಿಲಿಆಂಪಿಯರ್ ಒಳಗಿರಬೇಕು. ಹೆಚ್ಚಿದ್ದರೆ ಹುಡುಕಬೇಕು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರೆ ಕಾರು ಎಚ್ಚರಗೊಂಡು ಲೆಕ್ಕ ಕೆಡುತ್ತದೆ, ಫ್ಯೂಸಿನ ಬೆನ್ನಿನ ಎರಡು ಚುಕ್ಕೆಗಳ ಮೇಲೆ ಮಿಲಿವೋಲ್ಟ್ ಅಳೆಯುವುದು ಮೇಲು.

ರಸ್ತೆಯಲ್ಲಿ ಹೊತ್ತಿಕೊಂಡರೆ

ಇಂಡಿಕೇಟರ್ ಹಾಕಿ ಎಡಕ್ಕೆ ತನ್ನಿ. ಪೆಟ್ರೋಲ್ ಬಂಕ್, ಒಣಹುಲ್ಲು, ಸೇತುವೆಯ ಅಡಿ ಬೇಡ. ಎಂಜಿನ್ ಆರಿಸಿ, ಅದರಿಂದ ಪೆಟ್ರೋಲ್ ಪಂಪೂ ಆಲ್ಟರ್ನೇಟರೂ ನಿಲ್ಲುತ್ತವೆ. ಹ್ಯಾಂಡ್‌ಬ್ರೇಕ್ ಹಾಕಿ, ಎಲ್ಲರೂ ಟ್ರಾಫಿಕ್ ಇಲ್ಲದ ಬದಿಯಿಂದ ಇಳಿದು ಕನಿಷ್ಠ 30 ಮೀಟರ್ ದೂರ, ಹೊಗೆ ನಿಮ್ಮತ್ತ ಬಾರದಂತೆ ಗಾಳಿ ಬರುವ ಕಡೆ ನಿಲ್ಲಿ. ಕಾರಿನ ನೇರ ಮುಂದೆ ಅಥವಾ ಹಿಂದೆ ಬೇಡ: ಮುಚ್ಚಳ ಎತ್ತುವ ಗ್ಯಾಸ್ ಸ್ಟ್ರಟ್‌ಗಳು ಬೆಂಕಿಯಲ್ಲಿ ಸಿಡಿದು ದೂರಕ್ಕೆ ಹಾರುತ್ತವೆ. 112 ಅಥವಾ 101ಕ್ಕೆ ಕರೆ ಮಾಡಿ, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ. ಪರ್ಸು, ಲ್ಯಾಪ್‌ಟಾಪ್‌ಗೆ ಹಿಂತಿರುಗಬೇಡಿ. ಉರಿಯುವ ಸೀಟು, ವೈರಿಂಗ್, ಎಸಿ ಗ್ಯಾಸಿನ ಹೊಗೆಯಲ್ಲಿ ಶ್ವಾಸಕೋಶ ಸುಡುವ ಆಮ್ಲಗಳಿರುತ್ತವೆ.

ಆರಿಸಲು ಯತ್ನಿಸುವುದಾದರೆ ಒಂದೇ ಸಂದರ್ಭದಲ್ಲಿ: ಬರಿ ಹೊಗೆ ಅಥವಾ ಅಂಗೈಯಗಲದ ಜ್ವಾಲೆ, ಕೈಯಲ್ಲಿ ಅಗ್ನಿಶಾಮಕ, ಓಡಿಹೋಗಲು ಬೆನ್ನ ಹಿಂದೆ ದಾರಿ. ಹಿಂದಿನ ಎಂಜಿನ್ ಮುಚ್ಚಳ ಎತ್ತಬೇಡಿ, ಗಾಳಿ ನುಗ್ಗಿದೊಡನೆ ಜ್ವಾಲೆ ಮುಖಕ್ಕೆ ಬರುತ್ತದೆ. 911ರ ಎಂಜಿನ್ ಮುಚ್ಚಳದಲ್ಲಿ ಜಾಲರಿ ಇದೆ, ಅದರ ಮೂಲಕವೇ ಹೊಡೆಯಿರಿ. ಮುಂದಿನ ಡಿಕ್ಕಿಯಾದರೆ ಕೊಂಡಿ ಬಿಚ್ಚಿ ಎರಡಂಗುಲ ಸಂದಿಯಲ್ಲಿ ಹೊಡೆದು, ಆರಿತು ಎನಿಸಿದ ಮೇಲೆ ನಿಧಾನಕ್ಕೆ ಎತ್ತಿ, ನೆಗೆಟಿವ್ ಬಿಚ್ಚಿ. ಕರೆಂಟ್ ಬೆಂಕಿಯ ವಿಶೇಷವೇ ಇದು: ಬ್ಯಾಟರಿ ಜೋಡಣೆಯಲ್ಲಿರುವವರೆಗೆ ಆರಿದ್ದು ಮತ್ತೆ ಹೊತ್ತಿಕೊಳ್ಳುತ್ತದೆ. ಅಗ್ನಿಶಾಮಕ ಖಾಲಿಯಾಯಿತು, ಬೆಂಕಿ ಉಳಿದಿದೆ ಎಂದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಹಿಂದಕ್ಕೆ ಬನ್ನಿ.

ಯಾವ ಅಗ್ನಿಶಾಮಕ? 1 ಕಿಲೊ ಎಬಿಸಿ ಪುಡಿಯದು ಸುಮಾರು 8 ಸೆಕೆಂಡು ಬರುತ್ತದೆ. ಪೆಟ್ರೋಲಿಗೂ ವೈರಿಗೂ ಪ್ಲಾಸ್ಟಿಕ್ಕಿಗೂ ನಡೆಯುತ್ತದೆ, ಅಗ್ಗ. ಆದರೆ ಅದರ ಫಾಸ್ಫೇಟ್ ಪುಡಿ ತೇವಕ್ಕೆ ಆಮ್ಲವಾಗಿ ಅಲ್ಯೂಮಿನಿಯಂ, ಕನೆಕ್ಟರುಗಳನ್ನು ತಿನ್ನುತ್ತದೆ, ಒಂದೆರಡು ದಿನದಲ್ಲಿ ತೆಗೆಸದಿದ್ದರೆ ಬೆಂಕಿ ಉಳಿಸಿದ್ದನ್ನು ಪುಡಿ ಹಾಳುಮಾಡುತ್ತದೆ. ದುಬಾರಿ ಕಾರಿಗೆ 1 ಅಥವಾ 2 ಕಿಲೊದ ಕ್ಲೀನ್ ಏಜೆಂಟ್ ಒಳ್ಳೆಯದು, ಅನಿಲವಾಗಿ ಹೋಗುತ್ತದೆ, ಕಲೆ ಉಳಿಯುವುದಿಲ್ಲ. ಬಯಲ ಗಾಳಿಯಲ್ಲಿ ಬೇಗ ಚದುರುವುದು ಅದರ ಕೊರತೆ. ಅದೇ ಕಾರಣಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕಾರಿಗೆ ಹೇಳಿಸಿದ್ದಲ್ಲ. ಯಾವುದೇ ಆದರೂ ಐಎಸ್ 15683 ಗುರುತು ನೋಡಿ. ಆನ್‌ಲೈನಿನ ಅರ್ಧ ಲೀಟರ್ ಸ್ಪ್ರೇ ಡಬ್ಬಿ ಬೇಡ. ಸೀಟಿನ ಮುಂದಿನ ಚೌಕಟ್ಟಿಗೆ ಲೋಹದ ಬ್ರಾಕೆಟ್‌ನಲ್ಲಿ ಬೋಲ್ಟ್ ಹಾಕಿ ಕೂರಿಸಿ. ಮುಂದಿನ ಡಿಕ್ಕಿಯಲ್ಲಿಟ್ಟರೆ ಅದೇ ಜಾಗ ಹೊತ್ತಿದ ದಿನ ಕೈಗೆ ಸಿಗುವುದಿಲ್ಲ, ಸಡಿಲವಾಗಿಟ್ಟರೆ ಬ್ರೇಕ್ ಹೊಡೆದಾಗ ನಿಮ್ಮ ಕಾಲಿಗೆ ಬರುತ್ತದೆ. ಪುಡಿಯದನ್ನು ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಿಸಿ, ಇಲ್ಲದಿದ್ದರೆ ತಳದಲ್ಲಿ ಗಟ್ಟಿಯಾಗುತ್ತದೆ.

ನೀವು ಮುಂದೆ ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಕೊಂಡರೆ ಈ ಲೆಕ್ಕವೆಲ್ಲ ಬೇರೆ. ಅಲ್ಲಿ ಕೇಸರಿ ಬಣ್ಣದ ಕೇಬಲ್ ಮುಟ್ಟಬಾರದು. ಲಿಥಿಯಂ ಪ್ಯಾಕ್ ಹೊತ್ತಿದರೆ ಕೈಯ ಅಗ್ನಿಶಾಮಕದಿಂದ ಏನೂ ಆಗದು, ಸಾವಿರಾರು ಲೀಟರ್ ನೀರು ಬೇಕು, ಆರಿದ ಪ್ಯಾಕ್ ದಿನಗಳ ಮೇಲೂ ಮತ್ತೆ ಹೊತ್ತಬಹುದು. 2017ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಹೆಂಬರ್ಗ್‌ನಲ್ಲಿ ಅಪಘಾತಕ್ಕೀಡಾದ ರಿಮಾಕ್ ಕಾನ್ಸೆಪ್ಟ್ ಒನ್ ಹೀಗೆಯೇ ಮತ್ತೆ ಮತ್ತೆ ಹೊತ್ತಿತ್ತು.

ಎಲ್ಲ ಬೆಂಕಿಯೂ ‘ಶಾರ್ಟ್ ಸರ್ಕ್ಯೂಟ್’ ಅಲ್ಲ

ಪತ್ರಿಕೆಗಳಲ್ಲಿ ಕಾರು ಸುಟ್ಟರೆ ಕಾರಣ ಸಿದ್ಧವಾಗಿರುತ್ತದೆ. ದುಬಾರಿ ಕಾರುಗಳ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಸುವುದು) ಇತಿಹಾಸ ನೋಡಿದರೆ ಚಿತ್ರ ಬೇರೆ. 2010ರಲ್ಲಿ ಫೆರಾರಿ 458 ಇಟಾಲಿಯಾ ಉರಿದದ್ದು ಹಿಂದಿನ ಚಕ್ರದ ಕಮಾನಿನ ಶಾಖತಡೆಗೆ ಹಚ್ಚಿದ ಅಂಟಿನಿಂದ. ಅಂಟು ತೆಗೆದು ಲೋಹದ ಬಿಗಿತ ಹಾಕಿಕೊಟ್ಟರು. 2014ರಲ್ಲಿ ಪೋರ್ಷೆ 911 ಜಿಟಿ3ರ 785 ಕಾರುಗಳ ಎಂಜಿನ್ನನ್ನೇ ಬದಲಿಸಬೇಕಾಯಿತು: ಕನೆಕ್ಟಿಂಗ್ ರಾಡಿನ ಸ್ಕ್ರೂ ಸಡಿಲಾಗಿ ಎಂಜಿನ್ ಒಡೆದು ಆಯಿಲ್ ಹೊತ್ತುತ್ತಿತ್ತು. 2017ರಲ್ಲಿ ಲಂಬೋರ್ಗಿನಿ ಅವೆಂಟಡೋರ್ ರೀಕಾಲ್ ಆದದ್ದು ಪೆಟ್ರೋಲ್ ಆವಿ ನಿರ್ವಹಿಸುವ ವ್ಯವಸ್ಥೆಯ ದೋಷಕ್ಕೆ. ಈ ಸಾಲಿನಲ್ಲಿ ನಿಜವಾದ ಕರೆಂಟ್ ದೋಷವೆಂದರೆ 2012ರ ಫಿಸ್ಕರ್ ಕರ್ಮಾ, ಅಲ್ಲಿ ತಪ್ಪಿದ್ದು ಒಂದು ಕೂಲಿಂಗ್ ಫ್ಯಾನ್. ಆದ್ದರಿಂದ ವೈರಿಂಗ್ ನೋಡುವ ದಿನವೇ ಎಂಜಿನ್ ಬದಿಯ ಪೆಟ್ರೋಲ್ ಹೋಸು, ಆಯಿಲ್ ಸೋರಿಕೆ ನೋಡಿಸಿ. 2008ರ ಕಾರಿನ ರಬ್ಬರನ್ನು ಈಗ ಸಿಗುವ 20 ಶೇಕಡಾ ಎಥನಾಲ್ ಪೆಟ್ರೋಲಿಗಾಗಿ ಮಾಡಿದ್ದಲ್ಲ. ಬಿರುಕುಬಿಟ್ಟ, ಉಬ್ಬಿದ, ಕೈಗೆ ಪೆಟ್ರೋಲ್ ವಾಸನೆ ಅಂಟಿಸುವ ಹೋಸನ್ನು ಬದಲಿಸಲು ಹಿಂದೆಮುಂದೆ ನೋಡಬೇಡಿ. 17 ಅಕ್ಷರದ ಚಾಸಿ ನಂಬರ್ ಕೊಟ್ಟು ಬಾಕಿ ರೀಕಾಲ್ ಇದೆಯೇ ಎಂದೂ ಡೀಲರ್ ಬಳಿ ಕೇಳಿ.

ವಿಮೆ

ನಿಮ್ಮದು ಸಮಗ್ರ ಪಾಲಿಸಿಯಾಗಿದ್ದರೆ ಬೆಂಕಿ, ಸ್ಫೋಟ, ತಾನಾಗಿ ಹೊತ್ತಿಕೊಳ್ಳುವುದು, ಸಿಡಿಲು ಇವೆಲ್ಲ ಸ್ವಂತ ಹಾನಿಯ ಭಾಗದಲ್ಲಿ ಸೇರಿವೆ. ಥರ್ಡ್ ಪಾರ್ಟಿ ಮಾತ್ರವಿದ್ದರೆ ನಿಮ್ಮ ಕಾರಿಗೆ ಏನೂ ಇಲ್ಲ. ಅದೇ ಪಾಲಿಸಿ ಸವೆತ ಮತ್ತು ವಿದ್ಯುತ್ ಭಾಗಗಳ ವೈಫಲ್ಯವನ್ನು ಹೊರಗಿಡುತ್ತದೆ. ಅಂದರೆ ಈಗಿನ ಕಂದಿದ ಕನೆಕ್ಟರಿನ ಖರ್ಚು ನಿಮ್ಮದೇ. ಜ್ವಾಲೆ ಎದ್ದು ಕಾರು ಉರಿದರೆ ಕ್ಲೇಮ್ ಮಾಡಬಹುದು, ದುರಸ್ತಿ ಖರ್ಚು ಪಾಲಿಸಿಯಲ್ಲಿ ಘೋಷಿಸಿದ ಕಾರಿನ ಮೌಲ್ಯದ 75 ಶೇಕಡಾ ದಾಟಿದರೆ ಪೂರ್ಣ ನಷ್ಟ ಎಂದು ಪರಿಗಣಿಸುತ್ತಾರೆ.

ತಕರಾರು ಏಳುವುದು ಆಂಪ್ಲಿಫೈಯರಿನಲ್ಲಿ. ಕಂಪನಿಯಿಂದ ಬಾರದ ವಿದ್ಯುತ್ ಉಪಕರಣಗಳನ್ನು ಮೊದಲೇ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಬರೆಸಿಕೊಳ್ಳುವ ವ್ಯವಸ್ಥೆ ಇದೆ (ಹಳೆಯ ಮೋಟಾರು ಟ್ಯಾರಿಫ್, ಅಂದರೆ ವಿಮಾ ದರಪಟ್ಟಿಯಲ್ಲಿ ಇದು ಅವುಗಳ ಬೆಲೆಯ 4 ಶೇಕಡಾ ಇತ್ತು). ಹಿಂದಿನ ಮಾಲೀಕರು ಬರೆಸಿದ್ದರೇ ನೋಡಿ. ಇಲ್ಲದಿದ್ದರೆ ಈಗಿನ ತಪಾಸಣೆ ಮುಗಿಸಿ ಬರೆಸಿಕೊಳ್ಳಿ, ಇಲ್ಲವೇ ಆಂಪ್ಲಿಫೈಯರ್ ಕಳಚಿಸಿ. ನನ್ನ ಸಲಹೆ ಎರಡನೆಯದು.

ಮುಂದೆಂದಾದರೂ ಬೆಂಕಿ ಬಿದ್ದೇ ಬಿಟ್ಟರೆ, ವಿಮಾ ಕಂಪನಿಯ ಸರ್ವೇಯರ್ (ಹಾನಿ ಪರಿಶೀಲಿಸುವವರು) ಬರುವವರೆಗೆ ಕಾರನ್ನು ತೊಳೆಸಬೇಡಿ, ಒಂದು ವೈರನ್ನೂ ಎಳೆಯಬೇಡಿ, ಬ್ಯಾಟರಿ ಮತ್ತೆ ಜೋಡಿಸಿ ನೋಡಲು ಯಾರಿಗೂ ಬಿಡಬೇಡಿ. ಅಗ್ನಿಶಾಮಕ ಇಲಾಖೆಯ ವರದಿ, ಪೊಲೀಸ್ ಠಾಣೆಗೆ ಕೊಟ್ಟ ಮಾಹಿತಿಯ ಪ್ರತಿ ಪಡೆದುಕೊಳ್ಳಿ. ಈಗ ಮಾಡಿಸುವ ತಪಾಸಣೆಯ ಬಿಲ್ಲಿನಲ್ಲಿ ‘ವೈರಿಂಗ್ ಚೆಕ್’ ಎಂದಷ್ಟೇ ಬರೆಸದೆ, ಯಾವ ಕನೆಕ್ಟರ್ ಬದಲಾಯಿತು, ವೋಲ್ಟೇಜ್ ಡ್ರಾಪ್ ಎಷ್ಟು ಬಂತು ಎಂಬುದನ್ನು ಅಂಕಿಯಲ್ಲಿ ಬರೆಸಿ, ತೆಗೆದ ಭಾಗವನ್ನು ಒಂದು ಕವರಿನಲ್ಲಿ ಹಾಕಿ ವಾಪಸ್ ತೆಗೆದುಕೊಳ್ಳಿ.